ಉಪ್ಪು ನೀರು ಬಿಡುವ ಹೊತ್ತು

ಮಳೆಗಾಲದಲ್ಲಿ ಕಲಬುರಗಿಯ ಸೇಡಂ ರಸ್ತೆಯ ಅಂಚಿಗೆ ನಿಂತರೆ ಮೊದಲು ಕಣ್ಣಿಗೆ ಬೀಳುವುದು ತಾಡಪಾಲು. ಸೇಡಂ, ಮಳಖೇಡದ ಕಡೆಯಿಂದ ಬರುವ ಸಿಮೆಂಟ್ ಲಾರಿಗಳು ಕಿವಿಗೆ ಅರಿವೆ ಸುತ್ತಿಕೊಂಡ ಬಾಣಂತಿಯರ ಹಾಗೆ ಮೈತುಂಬ ಹೊದ್ದು, ಹಗ್ಗ ಬಿಗಿದುಕೊಂಡು ಸಾವಕಾಶ ಊರೊಳಗೆ ಬರುತ್ತವೆ. ಚೀಲಕ್ಕೆ ಹಸಿ ತಾಗಿದರೆ ಒಳಗಿನ ಪುಡಿ ಗಡ್ಡೆ ಕಟ್ಟಿ ಕಲ್ಲಾಗುತ್ತದೆ. ಅದಕ್ಕೆ ಮಳೆಯೇ ಸುರಿಯಬೇಕೆಂದಿಲ್ಲ, ನಾಲ್ಕು ದಿನದ ಹಸಿಗಾಳಿ ಸಾಕು. ಇಎಸ್‌ಐ ಆಸ್ಪತ್ರೆಯ ದೊಡ್ಡ ಕಟ್ಟಡ, 1980ರಲ್ಲಿ ಶುರುವಾದ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗೆಯ ಬಯಲು, ಅದರ ಸಮೀಪದ ಬುದ್ಧವಿಹಾರದ ಬಿಳಿ ಗುಮ್ಮಟ, ಎಲ್ಲದರ ಮೇಲೂ ಒಂದು ಬೂದು ಬಣ್ಣದ ಪರದೆ ಇಳಿಬಿದ್ದಿರುತ್ತದೆ. ರಸ್ತೆ ಬಿಟ್ಟು ಎರಡು ಹೆಜ್ಜೆ ಪಕ್ಕಕ್ಕಿಟ್ಟರೆ ಎರೆಮಣ್ಣು ಚಪ್ಪಲಿಗೆ ಮೆತ್ತಿ ಕಾಲು ಎರಡು ಸೇರು ಭಾರವಾಗುತ್ತದೆ.

ಈ ಊರಿಗೆ ಹಸಿ ಎಂಬುದು ವರ್ಷಕ್ಕೊಮ್ಮೆ ಬರುವ ನೆಂಟ. ಮೇ ತಿಂಗಳಲ್ಲಿ 43, 44 ಡಿಗ್ರಿಯಲ್ಲಿ ತುಟಿ ಒಡೆದುಕೊಂಡು ತಿರುಗುವ ಮಂದಿಗೆ ಶ್ರಾವಣದಲ್ಲಿ ಒಣಹಾಕಿದ ಅಂಗಿ ಮೂರು ದಿನವಾದರೂ ಒಣಗುವುದಿಲ್ಲ ಎಂಬುದೇ ಒಂದು ಸೋಜಿಗ. ನೆಂಟನನ್ನು ಕಂಡರೆ ಎಲ್ಲರ ಮುಖವೂ ಒಂದೇ ಥರ ಅರಳುವುದಿಲ್ಲ ಅನ್ನಿ. ಹುಮನಾಬಾದ್ ರಸ್ತೆಯ ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುವವರು ಈ ಹಸಿಗೆ ಕೈಮುಗಿಯುತ್ತಾರೆ. ಸೇಡಂ ರಸ್ತೆಯ ಸಿಮೆಂಟಿನ ವ್ಯಾಪಾರಿ ಬೈಯುತ್ತಾನೆ. ತೊಗರಿ ರೈತನಂತೂ ತೇವಾಂಶ ಎಂಬ ಶಬ್ದ ಕೇಳಿದರೇ ಬೆಚ್ಚುತ್ತಾನೆ. ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ಮೀಟರಿನ ಮುಳ್ಳು ಶೇ. 12 ದಾಟಿತೆಂದರೆ ಚೀಲ ಹೊತ್ತು ವಾಪಸ್ ಬರಬೇಕು.

ಇದೇ ರಸ್ತೆಯಿಂದ ಒಳಗೆ ಸರಿಯುವ ಒಂದು ಗಲ್ಲಿಯಲ್ಲಿ, ಹಸಿಯನ್ನು ದಿನಕ್ಕೆ ನಾಲ್ಕು ಸಲ ಅಳೆದು ಕ್ಯಾಲೆಂಡರಿನ ಚೌಕದಲ್ಲಿ ಬರೆದಿಡುವ ಒಬ್ಬ ಹುಡುಗನಿದ್ದಾನೆ. ಸಿಮೆಂಟಿನವನಲ್ಲ, ತೊಗರಿಯವನೂ ಅಲ್ಲ. ಕೂಲರ್ ರಿಪೇರಿಯವನು. ಅವನು ಅಳೆಯುವುದು ಒಂದು ಹಾವಿನ ಪೆಟ್ಟಿಗೆಯೊಳಗಿನ ಗಾಳಿಯನ್ನು.

ಮಳೆಗಾಲದಲ್ಲಿ ಕೂಲರ್ ಅಂಗಡಿಯಷ್ಟು ಪಾಪದ ಜಾಗ ಇನ್ನೊಂದಿಲ್ಲ. ಬಣ್ಣ ಹೋದ ತಗಡಿನ ಡಬ್ಬಗಳು ಒಂದರ ಮೇಲೊಂದು ಬೋರಲು ಬಿದ್ದಿವೆ. ಬೇಸಗೆಯಲ್ಲಿ ನೀರುಂಡು ಕಮ್ಮಗೆ ನಾರುತ್ತಿದ್ದ ಹುಲ್ಲಿನ ಪ್ಯಾಡುಗಳು ಮೂಲೆಯಲ್ಲಿ ಕೊಟ್ಟಿಗೆಯ ಹಳೇ ಹಾಸಿನಂತೆ ಒರಗಿವೆ. ಅಂಗಡಿಯ ಹಿಂದೆಯೇ ಮನೆ. ಮನೆಯ ಹಿಂದಿನ ಕೋಣೆಗೆ ಶಹಾಬಾದಿ ಫರಸಿ ಹಾಸಿದ ನೆಲ. ಕಾಲಿಟ್ಟರೆ ಅಂಗಾಲಿಗೆ ಪಸೆ ಹತ್ತುತ್ತದೆ. ಯಾರೂ ನೀರು ಚೆಲ್ಲಿಲ್ಲ, ಫರಸಿಯೇ ಬೆವತಿದೆ. ತಣ್ಣಗಿನ ಕಲ್ಲು ಹಸಿಗಾಳಿಯ ನೀರನ್ನು ತನ್ನ ಮೈಮೇಲೆ ಇಳಿಸಿಕೊಳ್ಳುತ್ತದೆ.

“ಕಾಕಾ, ಬಾಗ್ಲಾ ಸಾವಕಾಶ ಮುಚ್ಚರಿ. ಧಡ್ ಅಂದ್ರ ಅದು ಎರಡು ದಿನ ಹೊರಗ ಮಾರಿ ಹಾಕಂಗಿಲ್ಲ.”

ಮುಚ್ಚಿಹೋದ ಯಾವುದೋ ಮೊಬೈಲ್ ಅಂಗಡಿಯ ಶೋಕೇಸು ಅದು. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಮುಂದೆ ಸರಿಸುವ ಗಾಜು. ಒಂದು ತುದಿಯ ಕೆಳಗೆ ಕಾವಿನ ಹಾಸು, ಅದಕ್ಕೊಂದು ಥರ್ಮೋಸ್ಟಾಟು. ಪಕ್ಕದ ಹಲಗೆಗಳಲ್ಲಿ ಅಂಗೈ ಅಗಲದ ಕಿಂಡಿ ಕೊರೆದು ಕೂಲರಿನ ಜಾಳಿಗೆ ಹೊಡೆದಿದ್ದಾನೆ. ಗಾಜಿನ ಕೆಳ ಅಂಚಿನಲ್ಲಿ ಬೆವರಿನ ಸಣ್ಣ ಗೆರೆ. ಒಳಗೆ, ಬೋರಲು ಹಾಕಿದ ಒಡಕು ಮಡಕೆಯ ಬಾಯಲ್ಲಿ, ಕಂದು ಬಣ್ಣದ ಮೇಲೆ ಹಳದಿ ಬೊಕ್ಕೆಗಳಿರುವ ಒಂದು ಮುದ್ದೆ. ದಿಟ್ಟಿಸಿ ನೋಡಿದರೆ ಮುದ್ದೆ ಉಸಿರಾಡುತ್ತಿದೆ.

ಬಾಲ್ ಪೈಥಾನ್ ಅನ್ನುತ್ತಾರೆ. ಹೆಬ್ಬಾವಿನ ಬಳಗದಲ್ಲೇ ಕುಳ್ಳು, ನಾಲ್ಕೈದು ಅಡಿ ಬೆಳೆದರೆ ಹೆಚ್ಚು. ಹೆದರಿದರೆ ತಲೆಯನ್ನು ನಡುವೆ ಹುದುಗಿಸಿ ಚೆಂಡಿನಂತೆ ಸುತ್ತಿಕೊಳ್ಳುತ್ತದೆ, ಹೆಸರು ಬಂದದ್ದು ಹಾಗೆ. ಊರು ಪಶ್ಚಿಮ ಆಫ್ರಿಕಾ, ಘಾನಾ, ಟೋಗೋ, ಬೆನಿನ್ ಕಡೆ. ಸರಿಯಾಗಿ ನೋಡಿಕೊಂಡರೆ ಪೆಟ್ಟಿಗೆಯಲ್ಲೂ ಇಪ್ಪತ್ತು ಮೂವತ್ತು ವರ್ಷ ಬಾಳುತ್ತದೆ. ಇದನ್ನು ಸಾಕಿದ್ದವನು ಒಬ್ಬ ವಿದ್ಯಾರ್ಥಿ, ಹುಡುಗನ ಗಿರಾಕಿ. ಓದು ಮುಗಿಸಿ ಊರು ಬಿಡುವಾಗ ಕೂಲರನ್ನೂ ಹಾವನ್ನೂ ಇಲ್ಲೇ ಬಿಟ್ಟ. ಕೂಲರ್ ಮಾರಿಹೋಯಿತು.

“ಮಂದಿ ಮಕ್ಕಳು ನಾಯಿ ಸಾಕ್ತಾರ, ಗಿಣಿ ಸಾಕ್ತಾರ. ಇಂವ ನೋಡ್ರಿ ಅಣ್ಣಾರ, ಹಾವ್ ತಂದಾನ,” ಎಂದು ಅವನವ್ವ ಚಹಾದ ತಟ್ಟೆ ಇಟ್ಟರು. ಬೈಗುಳದಲ್ಲಿ ಅಂಥ ಕಾವಿರಲಿಲ್ಲ. ಈ ಮಾತನ್ನು ಅವರು ಬಂದವರಿಗೆಲ್ಲ ಹೇಳಿ ಹೇಳಿ ನುಣುಪಾಗಿಸಿದ್ದಾರೆ.

ಕಾನೂನಿನ ಮಾತು ಇಲ್ಲೇ ಮುಗಿಸಿಬಿಡುತ್ತೇನೆ. ನಮ್ಮ ನೆಲದ ಹಾವು, ಅದು ನಾಗರವಾಗಲಿ, ಹೆಬ್ಬಾವಾಗಲಿ, ಹೊಲದ ಕೆರೆಹಾವಾಗಲಿ, ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ಅಪರಾಧ ಎನ್ನುತ್ತದೆ. ಎರಡು ತಲೆ ಹಾವು ಇದ್ದರೆ ನಿಧಿ ಸಿಗುತ್ತದೆಂದು ಅದನ್ನು ಗೋಣಿಚೀಲದಲ್ಲಿ ತುಂಬಿ ಮಾರುವ ದಂಧೆ ಇನ್ನೂ ನಿಂತಿಲ್ಲ. ಒಣ ಮಣ್ಣಿನಲ್ಲಿ ಹೂತುಕೊಂಡು ಬದುಕುವ ಆ ಬಡಪಾಯಿ ಒದ್ದೆ ಚೀಲದಲ್ಲಿ ಏನು ಅನುಭವಿಸುತ್ತದೋ ಅದನ್ನು ಯಾರೂ ಬರೆದಿಡುವುದಿಲ್ಲ. ಹೊರದೇಶದ ಹಾವಿನ ಕಥೆ ಬೇರೆ. ಬಾಲ್ ಪೈಥಾನ್ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. 2022ರ ತಿದ್ದುಪಡಿ, ಅದರ ಬೆನ್ನಿಗೆ 2024ರ ಫೆಬ್ರವರಿಯ ನಿಯಮಗಳು ಬಂದ ಮೇಲೆ ಇಂಥ ಪ್ರಾಣಿ ಇಟ್ಟುಕೊಂಡವರು ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಲೇಬೇಕು, ಕೈ ಬದಲಾದರೆ ಅದನ್ನೂ ತಿಳಿಸಬೇಕು. ಹುಡುಗ ಆ ಕಾಗದಕ್ಕೆ ಲ್ಯಾಮಿನೇಶನ್ ಮಾಡಿಸಿ ಶೋಕೇಸಿನ ನೆತ್ತಿಗೆ ಅಂಟಿಸಿದ್ದಾನೆ, ಹೋಟೆಲಿನವರು ಲೈಸೆನ್ಸು ನೇತು ಹಾಕುವ ಹಾಗೆ. ಹಾವನ್ನು ಪೆಟ್ಟಿಗೆಯಲ್ಲಿಡುವುದು ಸರಿಯೋ ತಪ್ಪೋ ಎಂದು ನನ್ನನ್ನು ಕೇಳಿದರೆ ನನ್ನ ಮನಸ್ಸು ಅಷ್ಟಾಗಿ ಒಪ್ಪುವುದಿಲ್ಲ. ಆದರೆ ಇದು ಇಲ್ಲಿಗೆ ಬಂದುಬಿಟ್ಟಿದೆ. ಬಿಟ್ಟುಬಿಡಲು ಇದರ ಕಾಡು ಇಲ್ಲಿಲ್ಲ. ಇನ್ನು ಇರುವುದು ಅದನ್ನು ಹೇಗೆ ಇಟ್ಟುಕೊಳ್ಳುವುದು ಎಂಬ ಪ್ರಶ್ನೆಯೊಂದೇ.

ಚಹಾದ ಜೊತೆ ರೊಟ್ಟಿ, ಶೇಂಗಾ ಹಿಂಡಿ ಬಂತು. ರೊಟ್ಟಿ ಮುರಿಯಲು ಹೋದೆ, ಮುರಿಯಲಿಲ್ಲ. ಬಾಗಿತು. ಬೇಸಗೆಯಲ್ಲಿ ಬಡಿದಿಟ್ಟ ಖಡಕ್ ರೊಟ್ಟಿ ಹಪ್ಪಳದ ಹಾಗೆ ಕಟಕ್ಕೆನ್ನುತ್ತದೆ, ಎರಡು ತಿಂಗಳಿಟ್ಟರೂ ಅದರ ಸದ್ದು ಸಾಯುವುದಿಲ್ಲ. ಇದು ತೊಗಲಿನಂತೆ ಜಗ್ಗುತ್ತಿತ್ತು.

“ಮೆತ್ತಗಾಗ್ಯಾವ್ರಿ. ಮುಂಜಾನಿಂದ ಉಪ್ಪೂ ನೀರ್ ಬಿಟ್ಟಾದ,” ಅಂದರು ಅವ್ವ. ಹುಡುಗ ತಟ್ಟನೆ ಎದ್ದು ಅಡುಗೆಮನೆಗೆ ಹೋಗಿ ಉಪ್ಪಿನ ಭರಣಿ ತೆರೆದು ನೋಡಿ ಬಂದ. ಬಂದವನೇ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಒಂದು ‘ಉ’ ಬರೆದ.

ಆ ‘ಉ’ದ ಹಿಂದೆ ಹೋದ ವರ್ಷದ ಒಂದು ಕಥೆಯಿದೆ.

ಹಾವು ಹೊಸದಾಗಿ ಮನೆಗೆ ಬಂದಾಗ ಅವನು ಫೋನಿನಲ್ಲಿ ಸಿಕ್ಕ ವಿಡಿಯೋಗಳನ್ನೆಲ್ಲ ನೋಡಿದ. ಎಲ್ಲರೂ ಹೇಳಿದ್ದು ಒಂದೇ: ಗಾಳಿಯ ತೇವ ಶೇ. 60ರ ಆಸುಪಾಸು ಇರಲಿ, ಕಡಿಮೆಯಾದರೆ ಪೊರೆ ಹರಿಯುತ್ತದೆ, ನೀರು ಚಿಮುಕಿಸಿ. ಹೇಳಿದವರು ಚಳಿದೇಶದವರು. ಹೀಟರ್ ಹಾಕಿ ಮುಚ್ಚಿದ ಮನೆಗಳಲ್ಲಿ ಗಾಳಿ ಒಣಗಿ ಗರಿಗರಿ ಆಗಿರುತ್ತದೆ, ಅವರಿಗೆ ಚಿಮುಕಿಸುವುದೇ ಧರ್ಮ. ಹುಡುಗನೂ ಅದನ್ನೇ ಹಿಡಿದ. ಕಲಬುರಗಿಯ ಮೇ ತಿಂಗಳಿಗೆ ಅದು ತಕ್ಕದ್ದೇ ಆಗಿತ್ತು. ಮಳೆ ಶುರುವಾಯಿತು, ಅವನ ಕೈಯ ಸ್ಪ್ರೇ ಬಾಟಲಿ ನಿಲ್ಲಲಿಲ್ಲ. ಹಾಸಿಗೆಗೆ ತೆಂಗಿನ ನಾರಿನ ಪುಡಿ ಹಾಕಿದ್ದ, ಅದು ನೀರು ಕುಡಿದು ಕುಡಿದು ಕೆಸರಾಯಿತು. ಗಾಜಿನ ಮೇಲ್ಭಾಗಕ್ಕೆ ಅಂಟಿಸಿದ್ದ ಅಗ್ಗದ ಡಿಜಿಟಲ್ ಮೀಟರು ಮಾತ್ರ 63 ತೋರಿಸುತ್ತ ನಿಶ್ಚಿಂತೆಯಿಂದ ಕೂತಿತ್ತು.

ಒಂದು ದಿನ ಹಾವನ್ನು ಎತ್ತಿದಾಗ ಹೊಟ್ಟೆಯ ಅಡ್ಡ ಹುರುಪೆಗಳ ಮೇಲೆ ತುಕ್ಕಿನ ಬಣ್ಣ. ಕೂಲರಿನವನಿಗೆ ತುಕ್ಕು ಹೊಸದಲ್ಲ. ಕಾವಿನ ಹಾಸಿನ ಯಾವುದೋ ತಗಡು ತಾಗಿದೆ ಅಂದುಕೊಂಡು ಬಟ್ಟೆಯಿಂದ ಒರೆಸಿದ. ಹೋಗಲಿಲ್ಲ. ಎರಡು ಹುರುಪೆಯ ಅಂಚು ಮೇಲೆದ್ದು, ಅಡಿಯಲ್ಲಿ ಸಣ್ಣ ನೀರುಗುಳ್ಳೆ. ಹುರುಪೆ ಕೊಳೆಯುವ ರೋಗ. ಸದಾ ಒದ್ದೆಯ ಮೇಲೆ ಮಲಗಿದ ಚರ್ಮ ಮೆತ್ತಗಾಗಿ, ಹಾಸಿನ ಕೊಳೆಯಲ್ಲಿ ಬೆಳೆದ ಬ್ಯಾಕ್ಟೀರಿಯಾ ಒಳಗಿಳಿಯುತ್ತದೆ. ತಡೆಯದಿದ್ದರೆ ರಕ್ತಕ್ಕೂ ಇಳಿಯುತ್ತದೆ.

ಎಮ್ಮೆ, ಆಕಳು, ನಾಯಿಗೆ ವೈದ್ಯರು ಸಿಗುವ ಊರಿನಲ್ಲಿ ಹಾವಿನ ಹೊಟ್ಟೆ ತೋರಿಸಲು ಎಲ್ಲಿಗೆ ಹೋಗುವುದು? ಬೀದರಿನಲ್ಲಿ ಓದಿದ ಒಬ್ಬ ಪಶುವೈದ್ಯರ ನಂಬರು ಯಾರದೋ ಕೈಯಿಂದ ಸಿಕ್ಕಿತು. ಫೋಟೋ ನೋಡಿದ ಅವರು ಮೊದಲು ಕೇಳಿದ್ದು ಔಷಧದ ಮಾತಲ್ಲ, ಹಾಸು ಒಣಗಿದೆಯಾ ಎಂದು. ಪುಡಿಯನ್ನೆಲ್ಲ ಬಳಿದು ಹಾಕು, ಪೇಪರು ಹಾಸು, ದಿನಾ ಬದಲಿಸು, ಚಿಮುಕಿಸುವುದು ಬಂದ್. ಆಮೇಲೆ ಪೊವಿಡೋನ್ ಅಯೋಡಿನ್ನನ್ನು ತಿಳಿ ಚಹಾದ ಬಣ್ಣ ಬರುವಷ್ಟು ನೀರಿನಲ್ಲಿ ಬೆರೆಸಿ ತೊಳೆಯುವುದು, ಒರೆಸಿ ಒಣಗಿಸಿ ಮುಲಾಮು ಹಚ್ಚುವುದು. ಎರಡು ಪೊರೆ ಕಳಚುವವರೆಗೆ ಕಲೆ ಇತ್ತು. ಮೂರನೆಯದರಲ್ಲಿ ಹೋಯಿತು.

“63 ಇತ್ತಲ್ಲ, ಹಂಗಿದ್ರೂ ಹೆಂಗ ಕೊಳೀತು?” ಈ ಪ್ರಶ್ನೆ ಅವನನ್ನು ನಿದ್ದೆಗೆ ಬಿಡಲಿಲ್ಲವಂತೆ. ಉತ್ತರ ಸಿಕ್ಕಿದ್ದು ಅವ್ವನ ಉಪ್ಪಿನ ಭರಣಿಯಲ್ಲಿ.

ಉಪ್ಪು ತನ್ನಷ್ಟಕ್ಕೆ ತಾನೇ ನೀರು ಬಿಡುವುದಿಲ್ಲ, ಗಾಳಿಯಿಂದ ಎಳೆದುಕೊಳ್ಳುತ್ತದೆ. ಅದಕ್ಕೊಂದು ಗೆರೆ ಇದೆ: ಗಾಳಿಯ ತೇವ ಶೇ. 75 ಮುಟ್ಟುವವರೆಗೆ ಹರಳು ಹರಳಾಗಿಯೇ ಇರುತ್ತದೆ, ದಾಟಿತೋ ಕರಗತೊಡಗುತ್ತದೆ. ಅಡುಗೆಮನೆಯಲ್ಲಿ ಉಪ್ಪು ಒದ್ದೆಯಾಗಿದೆ ಎಂದರೆ ಆ ಮನೆಯ ಗಾಳಿ 75 ದಾಟಿದೆ ಎಂದೇ ಲೆಕ್ಕ. ಇದೇ ಗುಣ ಹಿಡಿದು ಮೀಟರಿನ ಸುಳ್ಳನ್ನೂ ಪತ್ತೆ ಮಾಡಬಹುದು. ಅವನು ನನ್ನೆದುರೇ ಮಾಡಿ ತೋರಿಸಿದ. ಬಾಟಲಿಯ ಮುಚ್ಚಳದಲ್ಲಿ ಒಂದು ಚಮಚ ಉಪ್ಪು. ಅದಕ್ಕೆ ಬೆರಳಿನಿಂದ ನೀರು, ಹನಿ ಹನಿಯಾಗಿ, ಉಪ್ಪು ಕರಗಬಾರದು, ಒದ್ದೆ ಮರಳಿನಂತಾಗಬೇಕು ಅಷ್ಟೇ. ಆ ಮುಚ್ಚಳವನ್ನೂ ಮೀಟರನ್ನೂ ಒಂದು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಗಟ್ಟಿಯಾಗಿ ಮುಚ್ಚಿ ಒಂದು ರಾತ್ರಿ ಬಿಡುವುದು. ಒಳಗಿನ ಗಾಳಿ 75ಕ್ಕೆ ಬಂದು ನಿಲ್ಲುತ್ತದೆ. ಮೀಟರು 75 ಅನ್ನಬೇಕು. ಅವನ ಮೀಟರು 68 ಅಂದಿತ್ತು.

ಏಳು ಕಡಿಮೆ. ಅಂದರೆ 63 ಎಂದು ನಂಬಿದ್ದು 70. ಅದೂ ಎಲ್ಲಿ? ಮೇಲೆ, ಬೆಚ್ಚಗಿನ ತುದಿಯಲ್ಲಿ. ಹಾವು ಮಲಗುತ್ತಿದ್ದದ್ದು ತಣ್ಣನೆಯ ತುದಿಯಲ್ಲಿ, ಮಡಕೆಯೊಳಗೆ, ನೆಲಕ್ಕೆ ಹೊಟ್ಟೆ ಹಚ್ಚಿ.

ಇಲ್ಲಿ ಒಂದು ಸಣ್ಣ ಲೆಕ್ಕ ಹೇಳದೆ ವಿಧಿಯಿಲ್ಲ. ನಾವು ಶೇಕಡಾದಲ್ಲಿ ಹೇಳುವ ತೇವ, ಗಾಳಿಯಲ್ಲಿ ನೀರೆಷ್ಟಿದೆ ಎಂದು ಹೇಳುವುದಿಲ್ಲ. ಆ ಕಾವಿನ ಗಾಳಿ ಹೊರಬಲ್ಲ ನೀರಿನಲ್ಲಿ ಎಷ್ಟು ಪಾಲು ಹೊತ್ತಿದೆ ಎಂದು ಹೇಳುತ್ತದೆ. ಗಾಳಿ ಬೆಚ್ಚಗಾದಷ್ಟೂ ಅದರ ಉಡಿ ದೊಡ್ಡದು, ತಣ್ಣಗಾದರೆ ಉಡಿ ಚಿಕ್ಕದು. ಪೆಟ್ಟಿಗೆಯ 32 ಡಿಗ್ರಿಯ ತುದಿಯಲ್ಲಿ ಶೇ. 70 ಇರುವ ಗಾಳಿಯೇ 27 ಡಿಗ್ರಿಯ ತುದಿಗೆ ಹೋದರೆ ಶೇ. 93ರ ಹತ್ತಿರ ಹೋಗುತ್ತದೆ. ಒಂದು ಹನಿ ನೀರೂ ಹೆಚ್ಚಿಗೆ ಸೇರಿಲ್ಲ, ಉಡಿ ಸಣ್ಣದಾಯಿತು ಅಷ್ಟೇ. ಮೀಟರು ನೋಡಿದ್ದು ಒಂದು ಊರನ್ನು, ಹಾವು ಬದುಕಿದ್ದು ಇನ್ನೊಂದು ಊರಿನಲ್ಲಿ.

ಲೆಕ್ಕ ತಿರುಗಿಸಿದರೆ ಪರಿಹಾರವೂ ಅದರಲ್ಲೇ ಇದೆ. ಶ್ರಾವಣದ ಹೊರಗಾಳಿ 26 ಡಿಗ್ರಿಯಲ್ಲಿ ಶೇ. 80 ಇದ್ದರೆ ಅದನ್ನು ಒಳಗೆ ತಂದು 32ಕ್ಕೆ ಕಾಯಿಸಿದರೆ ಸಾಕು, ತಾನೇ 56ಕ್ಕೆ ಇಳಿಯುತ್ತದೆ. ಹೊರಗೆ ಮಳೆ ಎಂದು ಕಿಂಡಿ ಮುಚ್ಚುವುದು ಎಲ್ಲರಿಗೂ ತೋಚುವ ಉಪಾಯ. ಇಲ್ಲಿ ಬೇಕಾದದ್ದು ಅದರ ವಿರುದ್ಧ: ಕಿಂಡಿ ತೆರೆ, ಕಾವು ಬಿಡಬೇಡ.

“ಇದು ನನಗ ಮೊದಲ ಹೊಳೀಬೇಕಿತ್ತು ಕಾಕಾ,” ಅಂದ. “ಮಂದಿ ಕೂಲರ್ ಹಚ್ಚಿ ಬಾಗ್ಲಾ ಖಿಡಕಿ ಎಲ್ಲಾ ಮುಚ್ಚತಾರ. ಅರ್ಧ ತಾಸಿನ್ಯಾಗ ಕೋಲಿ ಕುದಿಯಾಕ ಹತ್ತತಾದ. ನಾನ ಹೋಗಿ ಹೇಳ್ತೀನಿ, ಎದುರಿನ ಖಿಡಕಿ ತೆರೀರಿ, ಬಂದ ಹಸಿಗಾಳಿ ಹೊರಗ ಹೋಗಬೇಕ್ರಿ ಅಂತ. ಮಂದಿಗಿ ಹೇಳಿದ್ದು ನಮ್ಮನ್ಯಾಗ ಮರತಿದ್ದೆ.”

ಈಗ ಶೋಕೇಸಿನ ಮೇಲ್ಗಡೆಯ ಕಿಂಡಿಗೆ ಹಳೇ ಕಂಪ್ಯೂಟರಿನ ಅಂಗೈಯಗಲದ ಫ್ಯಾನು ಕೂಡಿಸಿದ್ದಾನೆ. ಗಾಳಿಯನ್ನು ಒಳಗೆ ಊದುವುದಿಲ್ಲ, ಹೊರಗೆ ಎಳೆಯುತ್ತದೆ. ಕೆಳಗಿನ ಕಿಂಡಿಯಿಂದ ಹೊಸ ಗಾಳಿ ತಾನೇ ಬರುತ್ತದೆ. ಗಂಟೆಗೆ ಹತ್ತು ನಿಮಿಷ ಮಾತ್ರ ಓಡುತ್ತದೆ. ನೀರಿನ ಬೋಗುಣಿ ಮೊದಲು ಕಾವಿನ ಹಾಸಿನ ಮೇಲಿತ್ತು, ದಿನವಿಡೀ ಹಬೆ ಬಿಡುತ್ತಿತ್ತು. ಅದನ್ನು ಆಚೆ ತುದಿಗೆ ಸರಿಸಿ, ಬೋಗುಣಿಯನ್ನೂ ಚಿಕ್ಕದು ಮಾಡಿದ. ಶೋಕೇಸನ್ನು ಬೆವರುವ ಫರಸಿಯಿಂದ ಎತ್ತಿ ಮರದ ಮೇಜಿನ ಮೇಲಿಟ್ಟ. ಮೀಟರು ಒಂದಿದ್ದದ್ದು ಎರಡಾಗಿ ಎರಡೂ ತುದಿಯಲ್ಲಿ, ಹಾವಿನ ಬೆನ್ನಿನ ಎತ್ತರಕ್ಕೆ ಇಳಿದವು. ಯಾರೋ ಸಿಲಿಕಾ ಜೆಲ್ ಪೊಟ್ಟಣ ಹಾಕು ಅಂದರಂತೆ, ಹಾಕಿದ; ಎರಡೇ ದಿನದಲ್ಲಿ ಹೊಟ್ಟೆ ತುಂಬಿಸಿಕೊಂಡು ಸುಮ್ಮನಾದವು. ಗಾಳಿ ಬಂದು ಹೋಗುವ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಹಾಕುವುದೆಂದರೆ ಹರಿಯುವ ಹಳ್ಳವನ್ನು ಚಹಾದ ಸೋಸಣಿಗೆಯಲ್ಲಿ ಒಣಗಿಸಿದ ಹಾಗೆ.

ಹಾಸಿಗೆ ಈಗ ದಿನಪತ್ರಿಕೆ. ಬಗ್ಗಿ ನೋಡಿದರೆ ನನ್ನದೇ ಒಂದು ಅಂಕಣದ ಮೇಲೆ ಹಾವು ಮಲಗಿತ್ತು. ಅಷ್ಟು ಹೊತ್ತು ಅಲುಗದೆ ನನ್ನ ಬರಹದ ಮೇಲೆ ಬೇರೆ ಯಾರೂ ಕೂತದ್ದು ನನಗೆ ನೆನಪಿಲ್ಲ.

ಉಸಿರಿನ ವಿಷಯ ಅವನಿಗೆ ಇನ್ನೂ ಭಯ. ಹಾವಿಗೆ ನಮ್ಮಂತೆ ವಪೆಯಿಲ್ಲ, ಸರಿಯಾಗಿ ಕೆಮ್ಮಲೂ ಬಾರದು. ಶ್ವಾಸಕೋಶದಲ್ಲಿ ಕಫ ಕಟ್ಟಿತೆಂದರೆ ಹೊರಗೆ ಎಸೆಯಲು ಅದಕ್ಕೆ ದಾರಿಯಿಲ್ಲ. ತಂಪು ಮತ್ತು ಒದ್ದೆ ಎರಡೂ ಕೂಡಿ ಬಂದಾಗ ಕಾಯಿಲೆ ಹಿಡಿಯುತ್ತದೆ. ಬಾಯ ಮೂಲೆಯಲ್ಲಿ ಗುಳ್ಳೆ, ತಲೆಯನ್ನು ಮೇಲಕ್ಕೆತ್ತಿ ಹಿಡಿಯುವುದು, ಉಸಿರಿನಲ್ಲಿ ಸಣ್ಣ ಸಿಳ್ಳೆ. ಅದಕ್ಕೇ ರಾತ್ರಿ ಮಲಗುವ ಮುಂಚೆ ಜಾಳಿಗೆಗೆ ಕಿವಿ ಹಚ್ಚಿ ಕೂಡುತ್ತಾನೆ. ಹಾವಿನ ಉಣ್ಣಿಗೂ ಇದೇ ಹಸಿ ಪ್ರೀತಿ. ಗಸಗಸೆ ಕಾಳಿನಷ್ಟು ಕಪ್ಪು ಚುಕ್ಕೆ ನೀರಿನ ಬೋಗುಣಿಯಲ್ಲಿ ತೇಲಿದೆಯಾ ಎಂದು ಟಾರ್ಚ್ ಬಿಟ್ಟು ನೋಡುತ್ತಾನೆ.

ಇಷ್ಟೆಲ್ಲ ಕೇಳಿದವರಿಗೆ ಹಸಿಯೇ ಹಾವಿನ ವೈರಿ ಅನ್ನಿಸಬಹುದು. ಹಾಗಿಲ್ಲ. ಕನ್ನಡದಲ್ಲಿ ತೇವ ಬೇರೆ, ಒದ್ದೆ ಬೇರೆ, ತಂಪು ಬೇರೆ, ಪಸೆ ಬೇರೆ; ನಮ್ಮ ಒಕ್ಕಲಿಗರು ಇವನ್ನು ಎಂದೂ ಗೊಂದಲ ಮಾಡಿಕೊಂಡವರಲ್ಲ. ಬಿತ್ತುವ ನೆಲದಲ್ಲಿ ಹಸಿ ಬೇಕು, ನೀರು ನಿಲ್ಲಬಾರದು. ಈ ಹಾವಿನ ಬೇಡಿಕೆಯೂ ಅಷ್ಟೇ. ಅದರ ತವರಿನಲ್ಲಿ ಅದು ಹಗಲು ಕಳೆಯುವುದು ಇಲಿಯ ಬಿಲಗಳಲ್ಲಿ, ಗೆದ್ದಲ ಹುತ್ತಗಳಲ್ಲಿ. ಸಮುದ್ರ ದಾಟಿದ ದೇಶದಲ್ಲೂ ಹಾವಿನ ಮನೆ ಹುತ್ತವೇ ಎಂದು ತಿಳಿದ ದಿನ ನನಗೆ ಒಂಥರ ಖುಷಿಯಾಯಿತು, ಪರವೂರಿನ ಬಸ್ಸಿನಲ್ಲಿ ನಮ್ಮ ಕಡೆಯ ಮಾತು ಕಿವಿಗೆ ಬಿದ್ದ ಹಾಗೆ.

ಹುತ್ತ ಎಂಥ ಮನೆ ಅಂತೀರಿ. ಒಳಗೆ ಗೆದ್ದಲು ಅಣಬೆಯ ತೋಟ ಬೆಳೆಸುತ್ತದೆ, ತೋಟಕ್ಕೆ ತೇವ ಬೇಕು, ಹಾಗಾಗಿ ಹುತ್ತದೊಳಗೆ ಸದಾ ತೇವ. ಆದರೆ ಉಸಿರು ಕಟ್ಟುವುದಿಲ್ಲ. ಹಾರ್ವರ್ಡಿನ ಎಲ್. ಮಹಾದೇವನ್ ಮತ್ತು ಸಂಗಡಿಗರು ಬೆಂಗಳೂರಿನ ಹುತ್ತಗಳಲ್ಲೇ ಅಳತೆ ಮಾಡಿ 2015ರಲ್ಲಿ ಪ್ರಕಟಿಸಿದರು: ಹಗಲು ಬಿಸಿಲಿಗೆ ಹುತ್ತದ ಹೊರಗೋಡೆಯ ಕೊಳವೆಗಳು ಕಾದು ಅಲ್ಲಿಯ ಗಾಳಿ ಮೇಲೇರುತ್ತದೆ, ನಡುವಿನ ಟೊಳ್ಳಿನಲ್ಲಿ ಕೆಳಗಿಳಿಯುತ್ತದೆ, ರಾತ್ರಿ ಹೊರಗೋಡೆ ಮೊದಲು ತಣಿಯುವುದರಿಂದ ಇದು ತಿರುವುಮುರುವಾಗುತ್ತದೆ. ಹಗಲೊಂದು, ಇರುಳೊಂದು, ಹುತ್ತ ದಿನಕ್ಕೆ ಹೀಗೆ ಒಂದು ದೊಡ್ಡ ಉಸಿರು ತೆಗೆದು ಬಿಡುತ್ತದೆ. ಫ್ಯಾನಿಲ್ಲ, ಮೀಟರಿಲ್ಲ, ಕರೆಂಟಿನ ಬಿಲ್ಲಿಲ್ಲ.

ಹಾವೇ ಕಟ್ಟಿದ ಮನೆ ನೋಡಬೇಕೆಂದರೆ ಇಲ್ಲಿಂದ ಮಲೆನಾಡಿಗೆ ಹೋಗಬೇಕು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ, ನಮ್ಮಲ್ಲಿ ಸರಾಸರಿ 800ರ ಒಳಗೆ. ಅಂಥ ಕಡೆ ಕಾಳಿಂಗದ ಹೆಣ್ಣು ಮಳೆಗೆ ಮುಂಚೆ ತರಗೆಲೆಗಳನ್ನು ಮೈಯಿಂದ ಎಳೆದು ಎಳೆದು ಗುಪ್ಪೆ ಮಾಡಿ ಒಳಗೆ ಮೊಟ್ಟೆ ಇಡುತ್ತದೆ. ಜಗತ್ತಿನಲ್ಲಿ ಗೂಡು ಕಟ್ಟುವ ಹಾವು ಕಾಳಿಂಗವೊಂದೇ. ಮೇಲೆ ಮಳೆ ಜಡಿಯುತ್ತಿದ್ದರೂ ಎಲೆಯ ಹೊದಿಕೆ ನೀರನ್ನು ಜಾರಿಸುತ್ತದೆ, ಮೊಟ್ಟೆಯ ಕೋಣೆ ಬೆಚ್ಚಗೆ ಉಳಿಯುತ್ತದೆ. ರೋಮುಲಸ್ ವಿಟೇಕರ್ 2005ರಲ್ಲಿ ಆಗುಂಬೆಯಲ್ಲಿ ಸಂಶೋಧನಾ ಕೇಂದ್ರ ತೆರೆದ ಮೇಲೆ ಈ ಹಾವಿನ ಬದುಕು ಹತ್ತಿರದಿಂದ ಕಾಣತೊಡಗಿತು. ಪಿ. ಗೌರಿಶಂಕರ್ ಮತ್ತು ಜೊತೆಯವರು 2024ರಲ್ಲಿ ಪಶ್ಚಿಮಘಟ್ಟದ ಕಾಳಿಂಗ ಬೇರೆಯದೇ ಪ್ರಭೇದ ಎಂದು ತೋರಿಸಿ, ವೈಜ್ಞಾನಿಕ ಹೆಸರಿನಲ್ಲೂ ‘ಕಾಳಿಂಗ’ ಎಂಬ ನಮ್ಮ ಶಬ್ದವನ್ನೇ ಇಟ್ಟರು. ತರಗೆಲೆಯ ತಾಡಪಾಲು ಹೊದಿಸುವ ಆ ತಾಯಿಯನ್ನು ನೆನೆದಾಗಲೆಲ್ಲ ನನಗೆ ಸೇಡಂ ರಸ್ತೆಯ ಲಾರಿಗಳು ಕಣ್ಣಿಗೆ ಬರುತ್ತವೆ.

ಶೋಕೇಸಿನೊಳಗೆ ಹುಡುಗನೂ ಒಂದು ಹುತ್ತ ಮಾಡಿದ್ದಾನೆ. ಐಸ್‌ಕ್ರೀಮಿನ ಪ್ಲಾಸ್ಟಿಕ್ ಡಬ್ಬಿ, ಪಕ್ಕದಲ್ಲಿ ಹಾವು ನುಸುಳುವಷ್ಟು ತೂತು, ಒಳಗೆ ಹಿಂಡಿ ಹಾಕಿದ ಒದ್ದೆ ಬಟ್ಟೆ. ಪೊರೆ ಬಿಡುವ ಕಾಲಕ್ಕೆ ಮಾತ್ರ ಇಡುತ್ತಾನೆ. ಇಡೀ ಪೆಟ್ಟಿಗೆಯನ್ನು ತೋಯಿಸುವ ಬದಲು ಒಂದು ಮೂಲೆಯಲ್ಲಿ ತೇವ ಇಟ್ಟು, ಬೇಕಾದರೆ ನೀನೇ ಹೋಗು ಎಂದು ಹಾವಿಗೇ ಬಿಡುವುದು. ನಾನು ಹೋದ ದಿನ ಅದರ ಕಣ್ಣು ಹಾಲು ಬೆರೆಸಿದ ನೀಲಿಯಾಗಿತ್ತು, ಮೈಬಣ್ಣ ಮಾಸಿತ್ತು. ಹೊಸ ಚರ್ಮಕ್ಕೂ ಹಳೆಯದಕ್ಕೂ ನಡುವೆ ದ್ರವ ತುಂಬಿಕೊಂಡಾಗ ಹೀಗಾಗುತ್ತದೆ. ಕಣ್ಣು ಕಾಣದ ಆ ದಿನಗಳಲ್ಲಿ ಹಾವು ಯಾರನ್ನೂ ಸೇರಿಸುವುದಿಲ್ಲ. ನಾವು ಮಾತಾಡುತ್ತಿದ್ದಂತೆ ಅದು ಮಡಕೆಯಿಂದ ಹೊರಗೆ ಹರಿದು, ನನ್ನ ಅಂಕಣವನ್ನು ದಾಟಿ, ಡಬ್ಬಿಯ ತೂತಿಗೆ ಮೂಗು ಹಚ್ಚಿ ಒಂದು ಗಳಿಗೆ ನಿಂತು, ಒಳಗೆ ಸರಿಯಿತು. ಬಾಲ ಕೊನೆಗೆ ಒಳಹೋಗುವಾಗ ಹಗ್ಗ ಜಗ್ಗಿದಷ್ಟು ಮೆಲ್ಲಗೆ ಸರ್ ಎಂದಿತು.

“ಹುತ್ತಕ್ಕ ಹೋತು,” ಅಂದರು ಅವ್ವ ಬಾಗಿಲಲ್ಲಿ ನಿಂತು.

ರಾತ್ರಿ ಎಂಟರ ಸುಮಾರಿಗೆ ಮಳೆ ಜೋರಾಯಿತು, ಕರೆಂಟ್ ಹೋಯಿತು. ಕತ್ತಲಲ್ಲಿ ಫ್ಯಾನಿನ ಗುಂಯ್ ಸದ್ದು ನಿಂತದ್ದು ಮೊದಲು ಗೊತ್ತಾಯಿತು. ಹುಡುಗ ಫೋನಿನ ಬೆಳಕು ಬಿಟ್ಟ. ನೋಡ ನೋಡುತ್ತ ಗಾಜಿನ ಮೇಲೆ ಮಂಜು ಹರಡಿತು. ಕಾವಿನ ಹಾಸು ಆರುತ್ತಿದೆ, ಉಡಿ ಚಿಕ್ಕದಾಗುತ್ತಿದೆ. 32ರಲ್ಲಿ 55 ಇದ್ದ ಗಾಳಿ 24ಕ್ಕೆ ಇಳಿದರೆ 88. ಅವನು ಗಾಜನ್ನು ಒಂದು ಬೆರಳಿನಷ್ಟು ಸರಿಸಿ, ಇನ್ನಷ್ಟು ಸರಿಯದಂತೆ ಬಟ್ಟೆ ಒಣಹಾಕುವ ಚಿಮಟಿಗೆ ಸಿಕ್ಕಿಸಿದ. ಆ ಬಿರುಕಿನಲ್ಲಿ ಕಾಗದವೊಂದನ್ನು ಬೀಸಣಿಗೆ ಮಾಡಿ ಬೀಸತೊಡಗಿದ. ಮುಕ್ಕಾಲು ತಾಸು ಬೀಸಿದ. ಬೇಸಗೆಯಲ್ಲಿ ಊರಿಗೆಲ್ಲ ತಂಗಾಳಿ ಕೂಡಿಸಿ ಕೊಡುವವನು ಶ್ರಾವಣದ ಕತ್ತಲಲ್ಲಿ ಬೆವರುತ್ತ ಒಂದು ಹಾವಿಗೆ ಗಾಳಿ ಹಾಕುತ್ತಿದ್ದ. ಕರೆಂಟ್ ಬಂದಾಗ ಅವನೂ ನಾನೂ ಮೊದಲು ನೋಡಿದ್ದು ಮೀಟರನ್ನು. 79. ಅವನು ಏಳು ಕೂಡಿಸಿ 86 ಎಂದು ಬರೆದ.

ಪಂಚಮಿ ಮುಗಿದ ಮರುದಿನ ಫೋನ್ ಬಂತು: “ಕಾಕಾ, ಪೊರೆ ಬಿಟ್ಟಾದ, ಬರ್ರಿ.”

ಮನೆಯಲ್ಲಿ ಇನ್ನೂ ಅರಳು, ಉಂಡಿಗಳ ವಾಸನೆ. ಅವ್ವ ಹಿಂದಿನ ದಿನ ಓಣಿಯ ಹೆಂಗಸರ ಜೊತೆ ಹುತ್ತಕ್ಕೆ ಹಾಲೆರೆದು ಬಂದಿದ್ದರು. ಮನ್ಯಾಗ ಹಾವ್ ಇಟ್ಕೊಂಡು ಅಲ್ಲಿತನಾ ಯಾಕ ಬಂದಿ ಎಂದು ಯಾರೋ ನಕ್ಕರಂತೆ. “ಅದು ಆಫ್ರಿಕಾದ್ದದ, ಅದಕ ನಮ್ಮ ಹಬ್ಬ ತಿಳಿಯಂಗಿಲ್ಲ ಅಂದೆ,” ಎಂದು ನನ್ನ ಕೈಗೆ ಎರಡು ಶೇಂಗಾ ಉಂಡಿ ಕೊಟ್ಟರು. ಹಾಲು ಯಾವ ದೇಶದ ಹಾವಿಗೂ ಆಗುವುದಿಲ್ಲ ಎಂದು ಮಗ ಹೇಳಬೇಕೆಂದು ಬಾಯಿ ತೆರೆದು, ತಾಯಿಯ ಮುಖ ನೋಡಿ ಸುಮ್ಮನಾದ.

ಪೊರೆ ಹರಿಯದೆ ಒಂದೇ ತುಂಡಾಗಿ ಬಂದಿತ್ತು. ಡಬ್ಬಿಯ ತೂತಿನ ಅಂಚಿಗೆ ಮೂತಿ ತಿಕ್ಕಿ ಶುರು ಮಾಡಿದ ಹಾವು, ಕಾಲುಚೀಲ ಕಳಚುವಂತೆ ಒಳಗಿನದನ್ನು ಹೊರಗೆ ಮಾಡುತ್ತ ಬಾಲದ ತುದಿಯವರೆಗೆ ಬಿಚ್ಚಿ ಬಿಟ್ಟಿತ್ತು. ಇನ್ನೂ ತೇವವಿತ್ತು, ಈರುಳ್ಳಿಯ ಒಳಸಿಪ್ಪೆಯಷ್ಟು ತೆಳು. ಒಣಗಾಳಿಯಾದರೆ ಇದು ಚೂರು ಚೂರಾಗಿ ಬರುತ್ತದೆ, ಕಣ್ಣಿನ ಮೇಲಿನ ಹೊದಿಕೆ ಅಲ್ಲೇ ಅಂಟಿಕೊಂಡುಬಿಡುತ್ತದೆ. ಅದಕ್ಕೇ ಅವನು ಬೇರೇನೂ ನೋಡುವ ಮೊದಲು ತಲೆಯ ಭಾಗವನ್ನು ಎರಡು ಬೆರಳಲ್ಲಿ ಅಗಲಿಸಿ ಟ್ಯೂಬ್‌ಲೈಟಿಗೆ ಹಿಡಿದ. ಹುರುಪೆಗಳ ಜಾಲರಿಯ ನಡುವೆ ಎರಡು ದುಂಡನೆಯ ಬಟ್ಟಲು, ಗಾಜಿನ ಬಿಂದಿಯಂತೆ, ಆ ಕಡೆ ಒಂದು, ಈ ಕಡೆ ಒಂದು.

“ಎರಡೂ ಬಂದಾವ,” ಅಂದ.

ಆಮೇಲೆ ಹೊಟ್ಟೆಯ ಭಾಗ ತಿರುಗಿಸಿ ಒಂದೊಂದೇ ಅಡ್ಡಪಟ್ಟಿಯ ಮೇಲೆ ಬೆರಳಾಡಿಸುತ್ತ ಹೋದ, ಎಲ್ಲಾದರೂ ತುಕ್ಕಿನ ಬಣ್ಣ ಉಳಿದಿದೆಯೋ ಎಂದು. ಉದ್ದ ಅಳೆಯಲು ಟೇಪು ತರಲು ಅಂಗಡಿಗೆ ಎದ್ದು ಹೋದ. ಅವನು ತಿರುಗಿ ಬರುವಷ್ಟರಲ್ಲಿ ಅವ್ವ ಅದನ್ನು ಗೇಣಿನಲ್ಲಿ ಅಳೆದು, ಹಳೇ ಪತ್ರಿಕೆಯ ಹಾಳೆಯಲ್ಲಿ ಮಡಚಿ, ರೊಕ್ಕದ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದ್ದರು.

“ಏಳು ಗೇಣದ, ಬರ್ಕೋ,” ಅಂದರು.